ಅಕ್ವೇರಿಯಂ ತುಂಬಾ ಕೂದಲಿನಂಥ ಪಾಚಿಯೇ? ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬೈ ಹವ್ಯಾಸಿಗಳು ಮೊದಲು ನೋಡಬೇಕಾದ್ದು ನಲ್ಲಿ ನೀರು!

ಮನೆಯ ಹಾಲ್‌ನಲ್ಲೊಂದು ಪುಟ್ಟ ಸಮುದ್ರ ಇರಲಿ ಎಂದು ಆಸೆಪಟ್ಟು ಉಪ್ಪುನೀರಿನ ಅಕ್ವೇರಿಯಂ ಇಟ್ಟವರಿಗೆ ಮೊದಲ ಕೆಲವು ತಿಂಗಳಲ್ಲೇ ಎದುರಾಗುವ ದೊಡ್ಡ ತಲೆನೋವು ಹಸಿರು ಕೂದಲು ಪಾಚಿ. ಇವತ್ತು ಕಲ್ಲಿನ ಮೂಲೆಯಲ್ಲಿ ಒಂದು ಎಳೆ ಕಾಣಿಸಿಕೊಂಡರೆ, ಮುಂದಿನ ತಿಂಗಳು ಕಲ್ಲು, ಮರಳು, ಪಂಪ್ ಎಲ್ಲವೂ ಹಸಿರು ಗಡ್ಡ ಬಿಟ್ಟಂತೆ ಕಾಣುತ್ತವೆ. ಅಂಗಡಿಯವರು ಕೊಟ್ಟ ಬಾಟಲಿ ಸುರಿದರೂ, ಕೈಯಿಂದ ಕಿತ್ತು ಹಾಕಿದರೂ ಹದಿನೈದು ದಿನದಲ್ಲಿ ಮತ್ತೆ ಅದೇ ಕಥೆ. ಬೇಸತ್ತು ಟ್ಯಾಂಕ್ ಮಾರಿಬಿಡುವವರೂ ಇದ್ದಾರೆ.

ಆದರೆ ಪಾಚಿ ಒಂದು ಕಾಯಿಲೆಯಲ್ಲ, ಲಕ್ಷಣ ಮಾತ್ರ. ನೀರಿನಲ್ಲಿ ಅದಕ್ಕೆ ಊಟ ಸಿಗುವವರೆಗೆ ಅದು ಬೆಳೆಯುತ್ತಲೇ ಇರುತ್ತದೆ. ಹಾಗಾದರೆ ಆ ಊಟ ಎಲ್ಲಿಂದ ಬರುತ್ತದೆ? ನಿಲ್ಲಿಸುವುದು ಹೇಗೆ? ಕಾನೂನಿನ ದೃಷ್ಟಿಯಿಂದ ಎಚ್ಚರ ವಹಿಸಬೇಕಾದ್ದೇನು? ಇಲ್ಲಿದೆ ಮಾಹಿತಿ.

ಏನಿದು ಕೂದಲು ಪಾಚಿ?

ಇದು ಒಂದೇ ಸಸ್ಯವಲ್ಲ. ನೋಡಲು ಒಂದೇ ರೀತಿ ಕಾಣುವ ಹಲವು ಹಸಿರು ಪಾಚಿಗಳಿಗೆ ಹವ್ಯಾಸಿಗಳು ಇಟ್ಟಿರುವ ಒಂದೇ ಹೆಸರು. ಮುಖ್ಯವಾದವು ಮೂರು.

* ಡರ್ಬೇಶಿಯಾ: ರೇಷ್ಮೆ ಎಳೆಯಂತೆ ಮೃದು. ನೀರಿನಿಂದ ಮೇಲೆತ್ತಿದರೆ ಒದ್ದೆ ಹತ್ತಿಯಂತೆ ಮುದ್ದೆಯಾಗುತ್ತದೆ.
* ಬ್ರಯೋಪ್ಸಿಸ್: ಹಕ್ಕಿಯ ಗರಿ ಅಥವಾ ಜರೀಗಿಡದ ಎಲೆಯಂತೆ ಎರಡೂ ಬದಿಗೆ ಕವಲೊಡೆದಿರುತ್ತದೆ. ಹಠಮಾರಿ ಪಾಚಿ.
* ಕ್ಲಾಡೊಫೋರಾ: ಮುಟ್ಟಿದರೆ ಒರಟು, ತಂತಿಯಂತೆ ಬಿರುಸು.

ಯಾವ ಜಾತಿ ಎಂದು ಗುರುತಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಡರ್ಬೇಶಿಯಾಕ್ಕೆ ನಡೆಯುವ ಉಪಾಯ ಬ್ರಯೋಪ್ಸಿಸ್‌ಗೆ ನಡೆಯದೇ ಇರಬಹುದು.

ಹೊಸ ಟ್ಯಾಂಕ್‌ನಲ್ಲಿ ಮೊದಲು ಕಂದು ಬಣ್ಣದ ಡಯಾಟಮ್, ನಂತರ ಹಸಿರು ಪಾಚಿ ಬರುವುದು ಸಹಜ. ಟ್ಯಾಂಕ್ ಇಟ್ಟು ಎರಡು-ಮೂರು ತಿಂಗಳಾಗಿದ್ದರೆ ಗಾಬರಿ ಬೇಡ. ವರ್ಷ ದಾಟಿದರೂ ಕಡಿಮೆಯಾಗದಿದ್ದರೆ, ಅಥವಾ ಪಾಚಿ ಹವಳದ ಮೇಲೆ ಹತ್ತತೊಡಗಿದರೆ ತಡ ಮಾಡಬಾರದು. ಪಾಚಿ ಬೆಳಕನ್ನೂ ನೀರಿನ ಹರಿವನ್ನೂ ತಡೆಯುವುದರಿಂದ ಹವಳ ಕೆಳಗೇ ಉಸಿರುಗಟ್ಟುತ್ತದೆ. ರಾತ್ರಿ ದೀಪ ಆರಿದ ಮೇಲೆ ದಟ್ಟ ಪಾಚಿ ನೀರಿನ ಆಮ್ಲಜನಕವನ್ನೂ ಬಳಸಿಕೊಳ್ಳುವುದರಿಂದ ಮೀನುಗಳಿಗೂ ತೊಂದರೆ.

ಉಲ್ಹಾಸ್ ನದಿ ಹೇಳುವ ಪಾಠ

ಕಲ್ಯಾಣ್ ಸುತ್ತಮುತ್ತ ಇರುವವರಿಗೆ ಉಲ್ಹಾಸ್ ನದಿಯ ದೃಶ್ಯ ಹೊಸದೇನಲ್ಲ. ಮರಾಠಿಯಲ್ಲಿ ಜಲಪರ್ಣಿ ಎನ್ನುವ, ಕನ್ನಡದವರು ಅಂತರಗಂಗೆ ಎಂದು ಕರೆಯುವ ಕಳೆ ನದಿಯನ್ನು ಹಸಿರು ಹಾಸಿನಂತೆ ಮುಚ್ಚಿಬಿಡುತ್ತದೆ. ಯಂತ್ರ ಇಳಿಸಿ ತೆಗೆದರೂ ಮತ್ತೆ ಬರುತ್ತದೆ. ಕಾರಣ ಸರಳ: ನದಿಗೆ ಸೇರುವ ಕೊಳಚೆ ನೀರಿನಲ್ಲಿರುವ ಸಾರಜನಕ ಮತ್ತು ರಂಜಕ ಆ ಕಳೆಗೆ ಗೊಬ್ಬರ.

ಅಕ್ವೇರಿಯಂನಲ್ಲೂ ನಡೆಯುವುದು ಇದೇ. ಇಲ್ಲಿ ಆ ಗೊಬ್ಬರದ ಹೆಸರು ನೈಟ್ರೇಟ್ ಮತ್ತು ಫಾಸ್ಫೇಟ್. ಮೀನಿನ ಹಿಕ್ಕೆ, ಉಳಿದ ಆಹಾರ, ಸತ್ತ ಜೀವಿಗಳು ಮತ್ತು ಬಳಸುವ ನೀರು, ಈ ನಾಲ್ಕು ದಾರಿಗಳಿಂದ ಅವು ಒಳಗೆ ಬರುತ್ತವೆ. ಕಳೆ ಕೀಳುವುದು ಎಷ್ಟು ಮುಖ್ಯವೋ, ಕೊಳಚೆ ತಡೆಯುವುದು ಅದಕ್ಕಿಂತ ಮುಖ್ಯ.

ಮೊದಲು ನೀರು ಪರೀಕ್ಷಿಸಿ

ನವಿ ಮುಂಬೈಗೆ ಮುಖ್ಯವಾಗಿ ಮೋರ್ಬೆ ಅಣೆಕಟ್ಟಿನ ನೀರು. ಡೊಂಬಿವಲಿ, ಕಲ್ಯಾಣ್ ಭಾಗಕ್ಕೆ ಉಲ್ಹಾಸ್ ನದಿ ಮತ್ತು ಎಂಐಡಿಸಿಯ ಬಾರ್ವಿ ಅಣೆಕಟ್ಟು ಆಸರೆ. ಥಾಣೆ ನಗರಕ್ಕೆ ಭಾತ್ಸಾ ಸೇರಿದಂತೆ ಹಲವು ಮೂಲಗಳಿವೆ. ಘೋಡ್‌ಬಂದರ್ ರಸ್ತೆಯ ಎಷ್ಟೋ ಸೊಸೈಟಿಗಳು ಟ್ಯಾಂಕರ್ ನೀರನ್ನೂ ಅವಲಂಬಿಸಿವೆ. ಕುಡಿಯಲು ಯೋಗ್ಯವಾದ ನೀರು ಹವಳದ ಟ್ಯಾಂಕ್‌ಗೆ ಯೋಗ್ಯ ಎಂದೇನಿಲ್ಲ. ನಲ್ಲಿ ನೀರಿನಲ್ಲಿ ಕ್ಲೋರಿನ್, ಸಿಲಿಕೇಟ್, ನೈಟ್ರೇಟ್, ಫಾಸ್ಫೇಟ್ ಇರಬಹುದು. ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿನ ಗುಣ ಪ್ರತಿ ಬಾರಿಯೂ ಬದಲಾಗಬಹುದು.

ಒಂದು ಸಣ್ಣ ಲೆಕ್ಕ ನೋಡಿ. 200 ಲೀಟರ್ ಟ್ಯಾಂಕ್‌ನಿಂದ ದಿನಕ್ಕೆ ಎರಡೂವರೆ ಲೀಟರ್ ನೀರು ಆವಿಯಾಗುತ್ತದೆ ಎಂದುಕೊಳ್ಳಿ. ಅಷ್ಟನ್ನೂ 100 ಟಿಡಿಎಸ್ ಇರುವ ನಲ್ಲಿ ನೀರಿನಿಂದ ತುಂಬಿಸಿದರೆ ದಿನಕ್ಕೆ 250 ಮಿಲಿಗ್ರಾಂ, ತಿಂಗಳಿಗೆ ಏಳೂವರೆ ಗ್ರಾಂ ಕರಗಿದ ಪದಾರ್ಥ ಒಳಗೆ ಸೇರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಈ ಪದಾರ್ಥ ಹೋಗುವುದಿಲ್ಲ. ಅದರಲ್ಲಿ ಪಾಚಿಯ ಊಟ ಎಷ್ಟಿದೆಯೋ ಅಷ್ಟೂ ತಿಂಗಳಿಂದ ತಿಂಗಳಿಗೆ ಸೇರುತ್ತಾ ಹೋಗುತ್ತದೆ.

ಅಡುಗೆಮನೆಯ ಆರ್‌ಒ ಸಾಕೇ?

ಹೆಚ್ಚಿನವರು ಎಡವುವುದು ಇಲ್ಲೇ. ಮನೆಯ ಆರ್‌ಒ ಯಂತ್ರ ಕುಡಿಯಲು ರುಚಿಯಾಗಿರಲೆಂದು ಸ್ವಲ್ಪ ಲವಣ ಉಳಿಸಿಕೊಳ್ಳುತ್ತದೆ. ಹಲವು ಮಾದರಿಗಳಲ್ಲಿ ಮಿನರಲ್ ಕಾರ್ಟ್ರಿಜ್ ಅಥವಾ ಟಿಡಿಎಸ್ ಕಂಟ್ರೋಲರ್ ಇರುತ್ತದೆ. ಹವಳದ ಟ್ಯಾಂಕ್‌ಗೆ ಬೇಕಾದ್ದು ಆರ್‌ಒ ನಂತರ ಡಿಐ ರೆಸಿನ್ ಮೂಲಕ ಹಾದುಬಂದ ನೀರು. ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿದರೆ ಸೊನ್ನೆ ತೋರಿಸಬೇಕು. ಒಂದು, ಎರಡು ಎಂದು ಏರತೊಡಗಿದರೆ ರೆಸಿನ್ ಬದಲಿಸುವ ಸಮಯ ಬಂದಿದೆ ಎಂದರ್ಥ.

ಈ ಭಾಗದವರು ಗಮನಿಸಬೇಕಾದ ಇನ್ನೆರಡು ವಿಷಯಗಳಿವೆ. ದುರಸ್ತಿಗಾಗಿ ನೀರು ಪೂರೈಕೆ ನಿಲ್ಲಿಸಿ ಮತ್ತೆ ಬಿಟ್ಟಾಗ ಮೊದಲು ಬರುವ ಕೆಂಪು ನೀರನ್ನು ಫಿಲ್ಟರ್‌ಗೆ ಬಿಡಬೇಡಿ. ಮಳೆಗಾಲದಲ್ಲಿ ಹೂಳು ಹೆಚ್ಚಿರುವುದರಿಂದ ಸೆಡಿಮೆಂಟ್ ಮತ್ತು ಕಾರ್ಬನ್ ಫಿಲ್ಟರ್‌ಗಳನ್ನು ಬೇಗ ಬದಲಿಸಬೇಕಾಗುತ್ತದೆ. ಹತ್ತು ದಿನಕ್ಕಾಗುವಷ್ಟು ಶುದ್ಧ ನೀರನ್ನು ಮುಚ್ಚಳವಿರುವ ಡ್ರಮ್‌ನಲ್ಲಿ ಇಟ್ಟುಕೊಂಡರೆ ಅವಸರದಲ್ಲಿ ನಲ್ಲಿ ನೀರು ಸುರಿಯುವ ಪ್ರಸಂಗ ಬರುವುದಿಲ್ಲ.

ಖಾಡಿಯ ನೀರು ಉಪ್ಪಾಗಿರುತ್ತದೆ ಎಂದು ವಾಶಿ ಅಥವಾ ಐರೋಲಿಯಿಂದ ಕ್ಯಾನ್ ತುಂಬಿ ತರುವ ಸಾಹಸ ಬೇಡವೇ ಬೇಡ. ನಗರದ ಕೊಳಚೆ ಅಲ್ಲಿಗೂ ಸೇರುತ್ತದೆ. ಅಡುಗೆ ಉಪ್ಪೂ ಆಗದು. ಸಮುದ್ರ ಅಕ್ವೇರಿಯಂಗೆಂದೇ ತಯಾರಾದ ಉಪ್ಪನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ ಕಲಸಿ, ಪಂಪ್ ಹಾಕಿ ಒಂದು ದಿನ ಬಿಟ್ಟು, ಸಾಪೇಕ್ಷ ಸಾಂದ್ರತೆ 1.025 ಇದೆಯೇ ಎಂದು ನೋಡಿ ಬಳಸಿ.

ಪರೀಕ್ಷೆಯಲ್ಲಿ 'ಸೊನ್ನೆ' ಬಂದರೂ ಪಾಚಿ ಏಕೆ?

ಹವ್ಯಾಸಿಗಳನ್ನು ಅತಿ ಹೆಚ್ಚು ಗೊಂದಲಕ್ಕೆ ದೂಡುವ ಪ್ರಶ್ನೆ ಇದು. ಟೆಸ್ಟ್ ಕಿಟ್ ಅಳೆಯುವುದು ನೀರಿನಲ್ಲಿ ಉಳಿದಿರುವುದನ್ನು ಮಾತ್ರ. ಪಾಚಿ ಈಗಾಗಲೇ ತಿಂದು ಮುಗಿಸಿದ್ದು ಲೆಕ್ಕಕ್ಕೆ ಬರುವುದಿಲ್ಲ. ಜತೆಗೆ ಹಳೆಯ ಕಲ್ಲುಗಳು ಫಾಸ್ಫೇಟ್ ಹೀರಿಕೊಂಡು ನಿಧಾನವಾಗಿ ಬಿಡುತ್ತಿರುತ್ತವೆ. ಆದ್ದರಿಂದ ಸೊನ್ನೆ ಬಂತೆಂದು ನಿಶ್ಚಿಂತರಾಗಬೇಡಿ.

ಹಾಗೆಂದು ನಿಜವಾಗಿಯೂ ಸೊನ್ನೆ ಮಾಡುವುದೂ ಗುರಿಯಲ್ಲ. ಹವಳಕ್ಕೂ ಸ್ವಲ್ಪ ಪೋಷಕಾಂಶ ಬೇಕು. ಪೂರ್ತಿ ಖಾಲಿ ಮಾಡಿದರೆ ಹವಳ ಬಿಳಿಚಿಕೊಳ್ಳಬಹುದು, ಪಾಚಿಗಿಂತ ಕೆಟ್ಟದಾದ ಡೈನೊಫ್ಲಾಜೆಲ್ಲೇಟ್ ಲೋಳೆ ಬರಬಹುದು. ನೈಟ್ರೇಟ್ 2ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ನಡುವೆ ಇದ್ದರೆ ಸಾಮಾನ್ಯವಾಗಿ ಸಾಕು.

ಹಂತ ಹಂತವಾಗಿ ಹೀಗೆ ಮಾಡಿ

1. ಕೈಯಿಂದ ತೆಗೆಯಿರಿ: ಎತ್ತಲು ಸಾಧ್ಯವಾದ ಕಲ್ಲುಗಳನ್ನು ಉಪ್ಪುನೀರಿನ ಬಕೆಟ್‌ನಲ್ಲಿಟ್ಟು ಹೊಸ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ತೊಳೆದು ಮರಳಿ ಇಡಿ. ಟ್ಯಾಂಕ್ ಒಳಗೇ ಉಜ್ಜಬೇಕಾದರೆ ಪಕ್ಕದಲ್ಲೇ ಪೈಪ್ ಹಿಡಿದು ಚೂರುಗಳನ್ನು ಹೊರಗೆ ಎಳೆಯಿರಿ. ಬಿಟ್ಟ ಚೂರು ಇನ್ನೊಂದು ಕಡೆ ಬೇರೂರುತ್ತದೆ. ಒಂದೇ ದಿನ ಎಲ್ಲ ಕಲ್ಲು ಮುಟ್ಟಬೇಡಿ. ವಾರಕ್ಕೊಂದು ಭಾಗ ಸಾಕು.

2. ನೀರು ಬದಲಿಸಿ: ವಾರಕ್ಕೆ ಶೇ. 10ರಿಂದ 15ರಷ್ಟು ನೀರು ಬದಲಿಸಿ, ಅದೇ ವೇಳೆ ಮರಳಿನ ಮೇಲಿನ ಕಸವನ್ನೂ ಎಳೆಯಿರಿ.

3. ಆಹಾರಕ್ಕೆ ಕಡಿವಾಣ ಹಾಕಿ: ಮೀನು ಒಂದೆರಡು ನಿಮಿಷದಲ್ಲಿ ಮುಗಿಸುವಷ್ಟೇ ಹಾಕಿ. ಫ್ರೀಜರ್‌ನ ಸೀಗಡಿಯನ್ನು ಶುದ್ಧ ನೀರಿನಲ್ಲಿ ಕರಗಿಸಿ, ಆ ನೀರು ಚೆಲ್ಲಿ, ಸೀಗಡಿ ಮಾತ್ರ ಹಾಕಿ.

4. ಬೆಳಕು ಕಡಿಮೆ ಮಾಡಿ: ದೀಪ ದಿನಕ್ಕೆ ಎಂಟು ಗಂಟೆ ಸಾಕು. ಬಿಳಿ ಮತ್ತು ಕೆಂಪು ಬೆಳಕು ತಗ್ಗಿಸಿ. ಕಿಟಕಿಯ ಬಿಸಿಲು ನೇರವಾಗಿ ಬೀಳದಂತೆ ನೋಡಿಕೊಳ್ಳಿ.

5. ಫಿಲ್ಟರ್ ಬಲಪಡಿಸಿ: ಪ್ರೋಟೀನ್ ಸ್ಕಿಮ್ಮರ್‌ನ ಕಪ್ ತಪ್ಪದೆ ತೊಳೆಯಿರಿ. ಫಿಲ್ಟರ್ ಸಾಕ್ಸ್ ಮೂರು-ನಾಲ್ಕು ದಿನಕ್ಕೊಮ್ಮೆ ಬದಲಿಸಿ. ಕೆಳಗಿನ ಸಂಪ್‌ನಲ್ಲಿ ಕೀಟೊಮಾರ್ಫಾ ಎಂಬ ಪಾಚಿಯನ್ನು ಬೇರೆ ದೀಪದಡಿ ಬೆಳೆಸಿ, ಆಗಾಗ ಕತ್ತರಿಸಿ ಹೊರಹಾಕಿದರೆ, ಬೇಡದ ಪಾಚಿಯ ಊಟವನ್ನು ಅದೇ ಕಸಿದುಕೊಳ್ಳುತ್ತದೆ.

6. ಫಾಸ್ಫೇಟ್ ಹೀರುವ ಜಿಎಫ್‌ಒ: ಕಬ್ಬಿಣದ ಆಕ್ಸೈಡ್‌ನ ಈ ಹರಳುಗಳು ಪರಿಣಾಮಕಾರಿ. ಆದರೆ ಹೇಳಿದ ಪ್ರಮಾಣದ ಅರ್ಧದಿಂದಲೇ ಆರಂಭಿಸಿ. ಫಾಸ್ಫೇಟ್ ಏಕಾಏಕಿ ಇಳಿದರೆ ಹವಳಕ್ಕೆ ಪೆಟ್ಟು.

ಮೇಯುವ ಜೀವಿಗಳೇ ಕಾವಲುಗಾರರು

ಕೆರಿಬಿಯನ್ ಸಮುದ್ರದ ಜಮೈಕಾ ಇದಕ್ಕೆ ದೊಡ್ಡ ಉದಾಹರಣೆ. ಅಲ್ಲಿ ಪಾಚಿ ತಿನ್ನುವ ಮೀನುಗಳನ್ನು ಅತಿಯಾಗಿ ಹಿಡಿದಾಗಿತ್ತು. 1983-84ರಲ್ಲಿ ಪಾಚಿ ಮೇಯುತ್ತಿದ್ದ ಕಪ್ಪು ಮುಳ್ಳಿನ ಸಮುದ್ರ ಅರ್ಚಿನ್‌ಗಳೂ ರೋಗದಿಂದ ಸಾಮೂಹಿಕವಾಗಿ ಸತ್ತವು. 1970ರ ದಶಕದ ಕೊನೆಯಲ್ಲಿ ಶೇ. 50ರಷ್ಟಿದ್ದ ಹವಳದ ಹೊದಿಕೆ 1990ರ ದಶಕದ ಆರಂಭಕ್ಕೆ ಶೇ. 5ಕ್ಕಿಂತ ಕೆಳಗಿಳಿದು, ಜಾಗವನ್ನೆಲ್ಲ ಪಾಚಿ ಆಕ್ರಮಿಸಿತು. ಮೇಯುವವರಿಲ್ಲದ ಕಡೆ ಪಾಚಿಯದ್ದೇ ರಾಜ್ಯ.

ಮನೆಯ ಟ್ಯಾಂಕ್‌ನಲ್ಲಿ ಪುಟ್ಟ ಬಸವನಹುಳು, ಹರ್ಮಿಟ್ ಏಡಿ, ಲಾನ್‌ಮೋವರ್ ಬ್ಲೆನ್ನಿ ಮೀನು ಈ ಕೆಲಸ ಮಾಡುತ್ತವೆ. ಟ್ಯಾಂಗ್ ಮತ್ತು ರ‍್ಯಾಬಿಟ್‌ಫಿಶ್ ಇನ್ನೂ ಚುರುಕು, ಆದರೆ ಅವಕ್ಕೆ ಈಜಲು ದೊಡ್ಡ ಟ್ಯಾಂಕ್ ಬೇಕು. ಒಂದು ಮಾತು ನೆನಪಿರಲಿ: ಇವು ಮೇಯುವುದು ಎಳೆ ಪಾಚಿಯನ್ನು. ಬೆರಳುದ್ದ ಬೆಳೆದದ್ದನ್ನು ಮೊದಲು ನೀವೇ ಕೀಳಬೇಕು.

ಔಷಧ ಹಾಕಬಹುದೇ?

ಬ್ರಯೋಪ್ಸಿಸ್‌ಗೆ ಮಾತ್ರ ಹಲವು ಹವ್ಯಾಸಿಗಳು ಫ್ಲುಕೊನಜೋಲ್ ಎಂಬ ಶಿಲೀಂಧ್ರನಾಶಕವನ್ನು ಲೀಟರಿಗೆ ಸುಮಾರು 5 ಮಿಲಿಗ್ರಾಂ ಲೆಕ್ಕದಲ್ಲಿ ಬಳಸುತ್ತಾರೆ. ಉಳಿದ ಕೂದಲು ಪಾಚಿಗಳ ಮೇಲೆ ಇದರ ಪರಿಣಾಮ ಖಚಿತವಲ್ಲ. ದಟ್ಟ ಪಾಚಿ ಒಮ್ಮೆಲೇ ಸತ್ತರೆ ಅದು ಕೊಳೆತು ನೀರು ಕೆಡುತ್ತದೆ, ಆಮ್ಲಜನಕ ಕುಸಿದು ಮೀನು ಸಾಯಬಹುದು. ಆದ್ದರಿಂದ ಆದಷ್ಟು ಪಾಚಿ ಕಿತ್ತ ನಂತರವೇ, ಕೊನೆಯ ಉಪಾಯವಾಗಿ ಮಾತ್ರ ಇದನ್ನು ಯೋಚಿಸಿ. ಮೂಲ ಕಾರಣ ಸರಿಪಡಿಸದಿದ್ದರೆ ಯಾವ ಔಷಧವೂ ತಾತ್ಕಾಲಿಕ.

ಖರೀದಿಸುವ ಮುನ್ನ ಕಾನೂನು ತಿಳಿಯಿರಿ

ಪಾಚಿ ಹಿಡಿದ ಹಳೆಯ ಕಲ್ಲು ಬಿಸಾಕಿ ಹೊಸ 'ಲೈವ್ ರಾಕ್' ತರುವುದು ಕೆಲವರ ಯೋಚನೆ. ಇಲ್ಲಿ ಎಚ್ಚರ ಅಗತ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬಂಡೆ ಕಟ್ಟುವ ಗಟ್ಟಿ ಹವಳಗಳು ಶೆಡ್ಯೂಲ್ 1ರಲ್ಲಿವೆ. ಅಂದರೆ ಹುಲಿಗೆ ಇರುವಷ್ಟೇ ರಕ್ಷಣೆ. ಸಮುದ್ರ ಕುದುರೆ ಮತ್ತು ಸಮುದ್ರ ಸೌತೆಗೂ ಕಾಯ್ದೆಯ ರಕ್ಷಣೆಯಿದೆ. 2022ರ ತಿದ್ದುಪಡಿಯ ನಂತರ ಶೆಡ್ಯೂಲ್ 1ರ ಜೀವಿಗಳಿಗೆ ಸಂಬಂಧಿಸಿದ ಅಪರಾಧಕ್ಕೆ ಕನಿಷ್ಠ 3 ವರ್ಷದಿಂದ 7 ವರ್ಷದವರೆಗೆ ಜೈಲು ಮತ್ತು ಕನಿಷ್ಠ 25 ಸಾವಿರ ರೂಪಾಯಿ ದಂಡ ವಿಧಿಸಲು ಅವಕಾಶವಿದೆ.

ಮಾಲ್ವಣ್‌ಗೋ ಮುರುಡೇಶ್ವರದ ಬಳಿಯ ನೇತ್ರಾಣಿಗೋ ಪ್ರವಾಸ ಹೋದಾಗ ನೆನಪಿಗೆಂದು ಹವಳದ ಚೂರು ತರುವುದೂ ಅಪರಾಧವಾಗಬಹುದು. ಸೆರಾಮಿಕ್ ಅಥವಾ ಕೃತಕ ಕಲ್ಲು ಬಳಸುವುದು ಸುರಕ್ಷಿತ. ಅದರಲ್ಲಿ ಹಳೆಯ ಫಾಸ್ಫೇಟ್ ಕೂಡ ಇರುವುದಿಲ್ಲ. ಕ್ಲೌನ್‌ಫಿಶ್ ಬೇಕಿದ್ದರೆ ಸಮುದ್ರದಿಂದ ಹಿಡಿದದ್ದಕ್ಕಿಂತ ಹ್ಯಾಚರಿಯಲ್ಲಿ ಬೆಳೆಸಿದ ಮರಿಯನ್ನೇ ಕೇಳಿ. ನವಿ ಮುಂಬೈನ ಐರೋಲಿಯಲ್ಲಿರುವ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರದಲ್ಲೇ ಅಲಂಕಾರಿಕ ಸಮುದ್ರ ಮೀನುಗಳ ಮರಿ ಬೆಳೆಸುವ ಕೆಲಸ ನಡೆದಿದೆ.

ಸಾಮಾನ್ಯ ಪ್ರಶ್ನೆಗಳು

ಪಾಚಿ ಹೋಗಲು ಎಷ್ಟು ದಿನ ಬೇಕು?
ಎಲ್ಲ ಹಂತಗಳನ್ನೂ ಬಿಡದೆ ಪಾಲಿಸಿದರೆ ಒಂದೂವರೆಯಿಂದ ಮೂರು ತಿಂಗಳು. ಕಲ್ಲು ಹಳೆಯದಾಗಿದ್ದರೆ ಇನ್ನೂ ಹೆಚ್ಚು.

ಮೂರು ದಿನ ದೀಪ ಪೂರ್ತಿ ಆರಿಸಿದರೆ ಆಗದೇ?
ಪಾಚಿ ತಾತ್ಕಾಲಿಕವಾಗಿ ಸೊರಗುತ್ತದೆ. ಊಟ ಉಳಿದಿದ್ದರೆ ಮತ್ತೆ ಬರುತ್ತದೆ. ಹಾಗೆ ಮಾಡುವುದಾದರೆ ಏರ್ ಪಂಪ್ ಚಾಲೂ ಇರಲಿ.

ಬೇಸಿಗೆಯಲ್ಲಿ ಪಾಚಿ ಹೆಚ್ಚಾಗುವುದೇಕೆ?
ಬಿಸಿ ಹೆಚ್ಚಾದಂತೆ ನೀರು ಹೆಚ್ಚು ಆವಿಯಾಗುತ್ತದೆ, ಹೆಚ್ಚು ನೀರು ತುಂಬಿಸಬೇಕಾಗುತ್ತದೆ. ಕೊಳೆಯುವಿಕೆಯೂ ವೇಗ ಪಡೆಯುತ್ತದೆ. ಚಿಲ್ಲರ್ ಅಥವಾ ಫ್ಯಾನ್ ಮೂಲಕ ನೀರನ್ನು 25-26 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಡಿ.

ಕರೆಂಟ್ ಹೋದರೆ?
ಬ್ಯಾಟರಿ ಏರ್ ಪಂಪ್ ಸದಾ ಸಿದ್ಧವಿರಲಿ. ಹರಿವು ನಿಂತು ಜೀವಿಗಳು ಸತ್ತರೆ ಅದೇ ಪಾಚಿಯ ಮುಂದಿನ ಬೆಳೆಗೆ ಗೊಬ್ಬರ.

ಮುಂದಿನ ಬಾರಿ ಪಾಚಿ ಕಂಡಾಗ ಅಂಗಡಿಗೆ ಓಡುವ ಮೊದಲು ಟಿಡಿಎಸ್ ಮೀಟರ್ ಕೈಗೆತ್ತಿಕೊಳ್ಳಿ. ಕೆಲವು ನೂರು ರೂಪಾಯಿಯ ಈ ಸಾಧನ, ಸಾವಿರಾರು ರೂಪಾಯಿಯ ಬಾಟಲಿಗಳಿಗಿಂತ ಬೇಗ ಉತ್ತರ ಹೇಳಬಹುದು.