ಮಾನ್ವಿ ಸೀಮೆಯಲ್ಲಿ ದಾಸರ ಧಾಟಿಯ ಕಲಿಕೆ

ಪುರಂದರದಾಸರು (1484–1564) ಬೆಳೆಸಿದ ಹಾಡಿನ ಧಾಟಿಗೆ ಹದಿನೆಂಟನೆಯ ಶತಮಾನದಲ್ಲಿ ಹೊಸ ಜೀವ ಬಂದದ್ದು ಇಂದಿನ ರಾಯಚೂರು ಜಿಲ್ಲೆಯ ಹಳ್ಳಿಗಳಿಂದ. ಚೀಕಲಪರ್ವಿಯ ವಿಜಯದಾಸರು (1682–1755), ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು (1728–1809) ಒಬ್ಬರ ಬೆನ್ನಿಗೊಬ್ಬರು ಅದನ್ನು ಮುಂದುವರಿಸಿದರು. ವಿಜಯದಾಸರ ಕನಸಿನಲ್ಲಿ ಪುರಂದರದಾಸರೇ ಬಂದು ಅಂಕಿತವನ್ನು, ಅಂದರೆ ಪದದ ಕೊನೆಯಲ್ಲಿ ಬಂದು ಕರ್ತೃವಿನ ಗುರುತಾಗುವ ದೇವರ ಹೆಸರನ್ನು, ಕೊಟ್ಟರೆಂದು ಸಂಪ್ರದಾಯ ಹೇಳುತ್ತದೆ. ಒಂದು ಶತಮಾನಕ್ಕೂ ಹೆಚ್ಚಿನ ಅಂತರವನ್ನು ದಾಟಲು ಕನಸಲ್ಲದೆ ಬೇರೆ ದಾರಿಯೂ ಇರಲಿಲ್ಲವೆನ್ನಬೇಕು.

ಕಲಿಕೆಯ ಕಠಿಣ ಭಾಗವೆಂದರೆ ಸುಳಾದಿ. ಒಂದೇ ರಚನೆಯ ಬೇರೆ ಬೇರೆ ಖಂಡಗಳು ಧ್ರುವ, ಮಟ್ಟ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ತಾಳಗಳಲ್ಲಿ ಸಾಗಿ, ಜತೆ ಎಂಬ ಎರಡು ಸಾಲುಗಳಲ್ಲಿ ಮುಗಿಯುತ್ತವೆ. ಇಂದಿನ ಲೆಕ್ಕದಲ್ಲಿ ಧ್ರುವದ ಆವರ್ತಕ್ಕೆ 14 ಅಕ್ಷರಗಳಾದರೆ ಏಕಕ್ಕೆ 4 ಮಾತ್ರ. ಆದ್ದರಿಂದ ತತ್ತ್ವವಿಚಾರವನ್ನು ಹೇಳುತ್ತಲೇ ನಡೆಯನ್ನು ಖಂಡದಿಂದ ಖಂಡಕ್ಕೆ ಬದಲಿಸಬಲ್ಲವನಿಗೆ ಮಾತ್ರ ಈ ಪ್ರಕಾರ ಒಲಿಯುತ್ತದೆ. ವಿಜಯದಾಸರ ಹೆಸರು ಉಳಿದಿರುವುದು ಮುಖ್ಯವಾಗಿ ಇಂಥ ಸುಳಾದಿಗಳಿಂದ.

ಜಗನ್ನಾಥದಾಸರ ಕಥೆ ಬೇರೆ. ಸಂಸ್ಕೃತ ಪಂಡಿತರಾಗಿದ್ದ ಅವರು ಮೊದಲು ಕನ್ನಡದ ದಾಸರನ್ನು ಕಡೆಗಣಿಸಿದ್ದರೆಂದೂ, ಹೊಟ್ಟೆನೋವಿನಿಂದ ನರಳಿ ವಿಜಯದಾಸರ ಮಾತಿನಂತೆ ಗೋಪಾಲದಾಸರ ಬಳಿಗೆ ಹೋದಾಗ ಅವರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಧಾರೆಯೆರೆದರೆಂದೂ ಐತಿಹ್ಯವಿದೆ. ಐತಿಹ್ಯಕ್ಕಿಂತ ಗಮನಾರ್ಹವಾದದ್ದು ಜಗನ್ನಾಥದಾಸರ ಆಯ್ಕೆ: ಪದ ಮತ್ತು ಸುಳಾದಿಗಳ ಚೌಕಟ್ಟನ್ನು ಬಲ್ಲ ಅವರು ತಮ್ಮ ಮಹಾಕೃತಿ 'ಹರಿಕಥಾಮೃತಸಾರ'ಕ್ಕೆ ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನೇ ಹಿಡಿದರು. ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದರ ನಂತರ ಒಂದು ಬಂದು, ಮೂರನೆಯ ಮತ್ತು ಆರನೆಯ ಸಾಲುಗಳು ನೀಳವಾಗಿ ಗುರುವಿನಲ್ಲಿ ನಿಲ್ಲುವ ಈ ಛಂದಸ್ಸು ಗಮಕಿಗಳ ಬಾಯಿಂದ ಜನರ ಕಿವಿಗೆ ಮೊದಲೇ ಪರಿಚಿತವಾಗಿತ್ತು. ದ್ವೈತ ಸಿದ್ಧಾಂತದ ಕ್ಲಿಷ್ಟ ವಿಷಯ ಅದರ ಲಯವೇರಿ ಕಂಠಸ್ಥವಾಯಿತು. ಗುರುವಿನ ಶೈಲಿಯನ್ನು ಕಲಿತದ್ದಕ್ಕೆ ಅದರಿಂದ ಹೊರಬರುವ ಧೈರ್ಯವೂ ಒಂದು ಪ್ರಮಾಣವೆಂದರೆ ತಪ್ಪಾಗದು.

ಇಪ್ಪತ್ತನೆಯ ಶತಮಾನದಲ್ಲಿ ಲಿಂಗಸೂಗೂರಿನ ಗೊರೆಬಾಳ ಹನುಮಂತರಾಯರು ಹಸ್ತಪ್ರತಿಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದುದರಿಂದ ಸಾಹಿತ್ಯ ಉಳಿಯಿತು. ಆದರೆ ರಾಗ, ತಾಳಗಳ ಹೆಸರಿನಿಂದಷ್ಟೇ ಧಾಟಿ ತಿಳಿಯುವುದಿಲ್ಲ. ಅದನ್ನು ರಾಯಚೂರು, ಮಾನ್ವಿಗಳ ಭಜನಾ ಮಂಡಳಿಗಳಲ್ಲಿ ಹಿರಿಯರ ಜೊತೆ ದನಿಗೂಡಿಸಿಯೇ ಕಲಿಯಬೇಕು.