ಟಾಲ್, ಟಾಲರ್, ಟಾಲೆಸ್ಟ್

ಎಂಟನೇ ತರಗತಿಯ ಕರಿಹಲಗೆಯ ಮೇಲೆ ನಮ್ಮ ಇಂಗ್ಲಿಷ್ ಮೇಷ್ಟ್ರು ಎರಡು ಗೆರೆ ಎಳೆದು ಮೂರು ಕಾಲಂ ಮಾಡುತ್ತಿದ್ದರು. ಪಾಸಿಟಿವ್, ಕಂಪ್ಯಾರೆಟಿವ್, ಸೂಪರ್‌ಲೇಟಿವ್. ಟಾಲ್, ಟಾಲರ್, ಟಾಲೆಸ್ಟ್. ಬಿಗ್, ಬಿಗ್ಗರ್, ಬಿಗ್ಗೆಸ್ಟ್. ನಾವು ಐವತ್ತೆಂಟು ಮಕ್ಕಳು ಒಟ್ಟಿಗೆ ಕೂಗಿದರೆ ಹಾಲಿನ ಡೇರಿಯವರೆಗೂ ಕೇಳುತ್ತಿತ್ತು. ಐದನೇ ತರಗತಿಯಲ್ಲಿ ಎಬಿಸಿಡಿ ಶುರು ಮಾಡಿ ಬಂದವರು ನಾವು. ಅರ್ಥ ಅಷ್ಟಕ್ಕಷ್ಟೇ ಆದರೂ ಆ ರಾಗ ಮಾತ್ರ ಚೆನ್ನಾಗಿತ್ತು. ಶಾಲೆಯ ಐವತ್ತು ವರ್ಷಗಳ ಇತಿಹಾಸವನ್ನು ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ಈ ಸಂಚಿಕೆಯಲ್ಲಿ ಬರೆದೇ ಬರೆಯುತ್ತಾರೆ. ನಾನು ಆ ಮೂರು ಕಾಲಂಗಳ ಇತಿಹಾಸ ಬರೆಯುತ್ತೇನೆ. ನಮ್ಮ ಹಲಗೆಗೆ ಬರುವ ಮೊದಲು ಅವು ಬಹಳ ದೂರ ನಡೆದು ಬಂದಿದ್ದವು.

ಹತ್ತನೇ ತರಗತಿಯ ಹೊತ್ತಿಗೆ ರಾಗ ಹೋಗಿ ಲೆಕ್ಕ ಬಂತು. 'ರಾಮ ಈಸ್ ದ ಟಾಲೆಸ್ಟ್ ಬಾಯ್ ಇನ್ ದ ಕ್ಲಾಸ್' ಎಂದು ಕೊಟ್ಟರೆ, 'ನೋ ಅದರ್ ಬಾಯ್ ಇನ್ ದ ಕ್ಲಾಸ್ ಈಸ್ ಆಸ್ ಟಾಲ್ ಆಸ್ ರಾಮ' ಎಂದು ಬದಲಾಯಿಸಬೇಕು. ನನಗದು ಸುಲಭವಾಗಿತ್ತು. ಈಗ ಯೋಚಿಸಿದರೆ ಅದು ಇಂಗ್ಲಿಷ್ ಅಲ್ಲ, ಬೀಜಗಣಿತ. ರಾಮ ಯಾರು, ಎಷ್ಟು ಎತ್ತರ ಎಂದು ತಿಳಿಯದೆಯೂ ಪೂರ್ತಿ ಅಂಕ ತೆಗೆಯಬಹುದಿತ್ತು. ನನ್ನ ಪಕ್ಕ ಕೂರುತ್ತಿದ್ದ ಗೆಳೆಯನಿಗೆ ಮಾತ್ರ ಅದು ಕೊನೆಗೂ ಒಲಿಯಲಿಲ್ಲ. ಅಪ್ಪನ ಜೊತೆ ದನದ ಜಾತ್ರೆಗೆ ಹೋಗುತ್ತಿದ್ದ ಹುಡುಗ ಅವನು. ಒಂದು ಎತ್ತನ್ನು ನೋಡಿದರೆ ಹಾಲುಹಲ್ಲಿನದೋ, ಎರಡು ಹಲ್ಲಿನದೋ, ಬಾಯಿಗೂಡಿದ್ದೋ, ಹಾಯುವುದೋ, ಸಾಧುವೋ, ಮೈಗಳ್ಳತನದ್ದೋ ಎಂದು ನಿಂತಲ್ಲೇ ಹೇಳುತ್ತಿದ್ದ. ಗುಣ ಹೇಳುವ ಮಾತುಗಳಲ್ಲಿ ಇಡೀ ತರಗತಿಗೆ ಅವನೇ ಶ್ರೀಮಂತ. ಎಸ್‌ಎಸ್‌ಎಲ್‌ಸಿಯಲ್ಲಿ ಅವನಿಗೆ ಇಂಗ್ಲಿಷ್ ಒಂದು ವಿಷಯ ಹೋಯಿತು. ಮತ್ತೆ ಕಟ್ಟಲಿಲ್ಲ.

ಆ ಮೂರು ಕಾಲಂಗಳ ಹೆಸರು ಇಂಗ್ಲಿಷಿನವಲ್ಲ, ಲ್ಯಾಟಿನ್ ವ್ಯಾಕರಣದವು. ಲಾಂಗಸ್, ಲಾಂಗಿಯರ್, ಲಾಂಗಿಸ್ಸಿಮಸ್ ಎಂದು ಯುರೋಪಿನ ಮಕ್ಕಳು ಶತಮಾನಗಳ ಕಾಲ ಉರು ಹೊಡೆದರು. ಲ್ಯಾಟಿನ್ನಿನಲ್ಲಿ ಹಾಗೆ ಉರು ಹೊಡೆಯುವುದಕ್ಕೆ ಕಾರಣವಿತ್ತು. ಅಲ್ಲಿ ಗುಣವಾಚಕ ತಾನು ಹೇಳುವ ನಾಮಪದದ ಲಿಂಗ, ವಚನ, ವಿಭಕ್ತಿಯನ್ನೆಲ್ಲ ಹಿಂಬಾಲಿಸಿ ರೂಪ ಬದಲಿಸುತ್ತದೆ, ಪಟ್ಟಿ ಇಲ್ಲದೆ ಸಾಧ್ಯವಿಲ್ಲ. 16ನೇ ಶತಮಾನದಲ್ಲಿ ಎಂಟನೇ ಹೆನ್ರಿಯ ಅಪ್ಪಣೆಯಂತೆ ಇಂಗ್ಲೆಂಡಿನ ಶಾಲೆಗಳಲ್ಲಿ ನಡೆಯುತ್ತಿದ್ದ ಲಿಲಿಯ ಲ್ಯಾಟಿನ್ ವ್ಯಾಕರಣ ಅಡ್ಜೆಕ್ಟಿವನ್ನು ನಾಮಪದದ ಒಂದು ಬಗೆ ಎಂದೇ ಎಣಿಸಿತ್ತು. ನಮ್ಮ ಕನ್ನಡ ವ್ಯಾಕರಣದ ಪಾಠದಲ್ಲೂ ವಸ್ತುವಾಚಕ, ಗುಣವಾಚಕ, ಸಂಖ್ಯಾವಾಚಕ ಎಲ್ಲ ನಾಮಪದದ ಮನೆಯೊಳಗೇ ಇದ್ದವು ಎಂಬುದನ್ನು ನೆನಪಿಸಿಕೊಳ್ಳಿ. ಇಂಗ್ಲಿಷಿನವರು ನಿಧಾನವಾಗಿ ಅದನ್ನು ಬೇರೆ ಮನೆ ಮಾಡಿ ಕೂರಿಸಿದರು. 1795ರಲ್ಲಿ ಬಂದ ಲಿಂಡ್ಲಿ ಮರ್ರೆಯ ವ್ಯಾಕರಣದಲ್ಲಿ ಅಡ್ಜೆಕ್ಟಿವ್ ಒಂಬತ್ತು ಪದಜಾತಿಗಳಲ್ಲಿ ಒಂದು. ಇಂಗ್ಲಿಷಿನ ಗುಣವಾಚಕ ಆ ಹೊತ್ತಿಗೆ ಲಿಂಗ, ವಚನ, ವಿಭಕ್ತಿಗಳನ್ನು ಕಳಚಿಕೊಂಡು ಎಷ್ಟೋ ಕಾಲವಾಗಿತ್ತು. ಆದರೂ ಲ್ಯಾಟಿನ್ನಿನ ಪಟ್ಟಿ ಉಳಿಯಿತು.

ಆ ಪಟ್ಟಿ ಹಡಗು ಹತ್ತಿ ಇಲ್ಲಿಗೆ ಬಂದಿದ್ದು ಪಠ್ಯಪುಸ್ತಕಗಳ ಮೂಲಕ. 19ನೇ ಶತಮಾನದ ಕೊನೆಯಲ್ಲಿ ನೆಸ್‌ಫೀಲ್ಡ್, 1930ರ ದಶಕದಲ್ಲಿ ರೆನ್ ಮತ್ತು ಮಾರ್ಟಿನ್. ಈ ರೆನ್ ಮುಂಬಯಿ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿದ್ದವರು. 'ಬೋ ಜೆಸ್ಟ್' ಎಂಬ ಸಾಹಸ ಕಾದಂಬರಿ ಬರೆದವರೂ ಅವರೇ ಎಂದು ತಿಳಿದಾಗ ನನಗೆ ನಗು ಬಂತು. ನಮ್ಮ ಪಾಲಿಗೆ ಅವರು ಉಳಿಸಿಹೋದದ್ದು ಸಾಹಸವನ್ನಲ್ಲ, ಅಭ್ಯಾಸಗಳನ್ನು. ಗುಣ, ಪರಿಮಾಣ, ಸಂಖ್ಯೆ, ನಿರ್ದೇಶನ ಎಂದು ಅಡ್ಜೆಕ್ಟಿವನ್ನು ಬಗೆ ಮಾಡಿ ಕೆಳಗೆ ಗೆರೆ ಎಳೆಯುವ ಕೆಲಸ ಆ ಪುಸ್ತಕಗಳಿಂದಲೇ ನಮ್ಮ ಗೈಡುಗಳಿಗೆ ಇಳಿದದ್ದು. ಮನೆಯಲ್ಲಿ ಇಂಗ್ಲಿಷ್ ಆಡುವ ಮಗುವಿಗೆ ಇದರಿಂದ ಉಪಯೋಗವಿದೆ, ತಾನು ಆಗಲೇ ಆಡುತ್ತಿರುವುದಕ್ಕೆ ಹೆಸರು ಸಿಗುತ್ತದೆ. ನಮಗೆ ಹೆಸರುಗಳು ಮೊದಲು ಬಂದವು. ಮಾತು ಬರಲೇ ಇಲ್ಲ.

ಕನ್ನಡ ಆಡುವ ಮಗುವಿಗೆ ಇಂಗ್ಲಿಷ್ ಗುಣವಾಚಕ ಎಲ್ಲಿ ಸುಲಭ, ಎಲ್ಲಿ ಕಷ್ಟ ಎಂದು ಆ ಪುಸ್ತಕಗಳು ಕೇಳಿಕೊಳ್ಳಲೇ ಇಲ್ಲ ಎಂಬುದು ನನ್ನ ದೂರು. ಕೇಳಿಕೊಂಡಿದ್ದರೆ ಅರ್ಧ ಕೆಲಸ ಹಗುರವಾಗುತ್ತಿತ್ತು. ನಾವು 'ಒಂದು ದೊಡ್ಡ ಹಳೇ ಮರದ ಪೆಟ್ಟಿಗೆ' ಎನ್ನುತ್ತೇವೆ. ಇಂಗ್ಲಿಷಿನಲ್ಲೂ ಅದೇ ಸಾಲು: ಎ ಬಿಗ್ ಓಲ್ಡ್ ವುಡನ್ ಬಾಕ್ಸ್. 'ಮರದ ಹಳೇ ದೊಡ್ಡ ಪೆಟ್ಟಿಗೆ' ಎಂದರೆ ನಮ್ಮ ಕಿವಿಗೂ ಏನೋ ಎಡವಿದಂತಾಗುತ್ತದೆ. ಗಾತ್ರ ಮೊದಲು, ವಯಸ್ಸು ಆಮೇಲೆ, ಯಾವುದರಿಂದ ಮಾಡಿದ್ದು ಎಂಬುದು ಕೊನೆಗೆ ಎಂಬ ನಿಯಮವನ್ನು ಇಂಗ್ಲಿಷ್ ಕಲಿಸುವವರು ಇಂದು ದೊಡ್ಡ ಪಟ್ಟಿಯಾಗಿ ಕೊಡುತ್ತಾರೆ. ಕನ್ನಡದ ಮಗುವಿಗೆ ಅದರ ಬಹುಪಾಲು ಹೊಸದಲ್ಲ.

ಇನ್ನೊಂದು ಸುಲಭ. ಕನ್ನಡದಲ್ಲಿ ದೊಡ್ಡವನು, ದೊಡ್ಡವಳು, ದೊಡ್ಡದು, ದೊಡ್ಡವರು ಎಂದು ಬಾಲ ಬದಲಿಸಬೇಕು. ಇಂಗ್ಲಿಷಿನಲ್ಲಿ ಎಲ್ಲದಕ್ಕೂ ಬಿಗ್ ಒಂದೇ ಸಾಕು. ಕಷ್ಟ ಇರುವುದು ಬೇರೆ ಕಡೆ. 'ಮನೆ ದೊಡ್ಡದು' ಎಂಬಲ್ಲಿ ನಮಗೆ ಕ್ರಿಯಾಪದವೇ ಬೇಡ, ಹಾಗಾಗಿ ಮಗು 'ಹೌಸ್ ಬಿಗ್' ಎನ್ನುತ್ತದೆ. ಹೋಲಿಸುವಾಗ ನಮ್ಮಲ್ಲಿ ಗುಣವಾಚಕ ಅಲುಗಾಡುವುದಿಲ್ಲ. 'ರಾಮನಿಗಿಂತ ಎತ್ತರ' ಎಂದು 'ಗಿಂತ' ಹೋಗಿ ರಾಮನಿಗೆ ಅಂಟಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಬದಲಾಗುವುದು ಟಾಲ್ ಎಂಬ ಪದವೇ. ಈ ವ್ಯತ್ಯಾಸವನ್ನು ಯಾರೂ ಹೇಳದಿದ್ದರೆ ಮಗು ಎರಡನ್ನೂ ಸೇರಿಸಿ 'ಮೋರ್ ಟಾಲರ್' ಎಂದು ಧಾರಾಳವಾಗಿ ಕೊಡುತ್ತದೆ. ಇನ್ನು 'ಹಾಟ್ ಹಾಟ್ ಕಾಫಿ'ಯಂತೂ ನಮ್ಮ ಬಿಸಿಬಿಸಿ ಕಾಫಿಯೇ. ಅದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ.

ಇವೆಲ್ಲದರ ಹಿಂದೆ ಒಂದು ಆಳದ ವಿಷಯವಿದೆ. ದೊಡ್ಡ, ಚಿಕ್ಕ, ಹಳೆ, ಹೊಸ, ಒಳ್ಳೆ, ಕೆಟ್ಟ ಇಂಥ ಕೆಲವೇ ಪದಗಳು ಕನ್ನಡದಲ್ಲಿ ಏನನ್ನೂ ಸೇರಿಸಿಕೊಳ್ಳದೆ ನಾಮಪದದ ಮುಂದೆ ನಿಲ್ಲುತ್ತವೆ. ದೊಡ್ಡ ಮನೆ ಸರಿ, 'ಎತ್ತರ ಮನೆ' ಆಗದು, ಎತ್ತರದ ಮನೆಯೇ ಆಗಬೇಕು. ನಮ್ಮಲ್ಲಿ ಎತ್ತರ ಒಂದು ವಸ್ತುವಿನಂತೆ, ಹಸಿವೂ ವಸ್ತುವಿನಂತೆ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಗುಣವಾಚಕದ ಮೇಲೆಯೇ 1994ರಲ್ಲಿ ಇಂಗ್ಲಿಷಿನಲ್ಲಿ ಒಂದು ಇಡೀ ಪುಸ್ತಕ ಬರೆದರು. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಎಂದು ವಾದಿಸಿದವರೂ ಅವರೇ. ಬೇರೆ ಭಾಷೆಯ ಅಚ್ಚಿನಲ್ಲಿ ಕನ್ನಡವನ್ನು ಎರಕ ಹೊಯ್ಯಬಾರದು ಎಂಬ ಅವರ ಮಾತಿನ ಜಾಡಿನಲ್ಲೇ ನನಗೆ ಇಂಗ್ಲಿಷ್ ಪಾಠವೂ ಬೇರೆಯಾಗಿ ಕಾಣತೊಡಗಿದ್ದು.

ನನಗೆ ಹಸಿವಾಗಿದೆ, ನನಗೆ ಬೇಸರ, ನನಗೆ ಸಿಟ್ಟು ಬಂತು. ಕನ್ನಡದಲ್ಲಿ ಭಾವನೆ ಎಲ್ಲಿಂದಲೋ ನಮ್ಮ ಕಡೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಹಂಗ್ರಿ, ಸ್ಯಾಡ್, ಆಂಗ್ರಿ ಎಲ್ಲವೂ ಗುಣವಾಚಕ, ಮನುಷ್ಯನೇ ಅದಾಗಿಬಿಡುತ್ತಾನೆ. ಬಿಇ ಮುಗಿಸಿ ಬೆಂಗಳೂರಿನಲ್ಲಿ ಮೊದಲ ಕೆಲಸಕ್ಕೆ ಸೇರಿದ ತಿಂಗಳು, ಒಂದು ಸಭೆಯಲ್ಲಿ ಹೊಸ ಪ್ರಾಜೆಕ್ಟ್ ಹೇಗನಿಸುತ್ತಿದೆ ಎಂದು ಕೇಳಿದರು. ನನಗೆ ಗೊಂದಲವಾಗಿದೆ ಎಂದು ಹೇಳಬೇಕಿತ್ತು. 'ಐ ಆ್ಯಮ್ ಕನ್ಫ್ಯೂಸಿಂಗ್' ಎಂದೆ. ಎಲ್ಲರೂ ನಕ್ಕರು, ಒಬ್ಬರಂತೂ 'ಯೆಸ್, ಯು ಆರ್' ಎಂದರು. ಆಮೇಲೆ ಎಂಟು ತಿಂಗಳು ನಾನು ಆ ಸಭೆಗಳಲ್ಲಿ ಬಾಯಿ ಬಿಡಲಿಲ್ಲ. ಗೊತ್ತಿದ್ದ ತಪ್ಪನ್ನೂ ಎತ್ತಿ ತೋರಿಸದೆ ಒಮ್ಮೆ ತಂಡದ ಎರಡು ವಾರದ ಕೆಲಸ ಹಾಳಾಯಿತು. ಇಂಗ್ಲಿಷಿನಲ್ಲಿ ನನಗೆ ಎಪ್ಪತ್ತೆಂಟು ಅಂಕ ಬಂದಿತ್ತು ಎಂಬುದನ್ನು ಮರೆಯಬೇಡಿ.

ಕಲಿಸುವವರು ಈ ಕೊರತೆಯನ್ನು ಕಂಡಿರಲಿಲ್ಲ ಎಂದಲ್ಲ. ಸ್ವಾತಂತ್ರ್ಯ ಬಂದ ಮೇಲೆ 1950ರ ದಶಕದಲ್ಲಿ ಮದ್ರಾಸಿನ ಕಡೆಯಿಂದ ಹೊಸ ಗಾಳಿ ಬೀಸಿತು. ವ್ಯಾಖ್ಯೆ ಬಿಡಿ, ವಾಕ್ಯರಚನೆಗಳನ್ನು ಸುಲಭದಿಂದ ಕಷ್ಟಕ್ಕೆ ಜೋಡಿಸಿ, ವಸ್ತು ತೋರಿಸಿ, ಆಡಿಸಿ ಎಂಬುದು ಆ ಪದ್ಧತಿ. ಮೇಷ್ಟ್ರು ಪೆನ್ಸಿಲ್ ಎತ್ತಿ ಹಿಡಿದು 'ದಿಸ್ ಪೆನ್ಸಿಲ್ ಈಸ್ ರೆಡ್' ಎನ್ನುವುದು, ಮಕ್ಕಳು ಮರುನುಡಿಯುವುದು, ಆಮೇಲೆ 'ದಿಸ್ ಈಸ್ ಎ ರೆಡ್ ಪೆನ್ಸಿಲ್' ಎನ್ನುವುದು. 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ರಾಜ್ಯಗಳಿಗಾಗಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಶುರುವಾಯಿತು, ನಮ್ಮ ಸರ್ಕಾರಿ ಶಾಲೆಗಳ ಎಷ್ಟೋ ಶಿಕ್ಷಕರು ಅಲ್ಲಿ ತರಬೇತಿ ಪಡೆದರು. ಇದು ಮುಂದಕ್ಕೆ ಇಟ್ಟ ಹೆಜ್ಜೆಯೇ. ಆದರೆ ಪೆನ್ಸಿಲ್ ಕೆಂಪಗಿದೆ ಎಂದು ಎಲ್ಲರಿಗೂ ಕಾಣುತ್ತಿರುವಾಗ ಅದನ್ನು ಇನ್ನೊಬ್ಬರಿಗೆ ಹೇಳುವ ಅಗತ್ಯ ಏನು ಎಂಬ ಪ್ರಶ್ನೆ ಉಳಿಯಿತು.

ಆ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವರು ಎನ್. ಎಸ್. ಪ್ರಭು. ನಮ್ಮ ಶಾಲೆಗೆ ಐದಾರು ವರ್ಷ ತುಂಬಿದ್ದ ಹೊತ್ತು, 1979ರಿಂದ 1984ರವರೆಗೆ, ಅವರು ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಪ್ರಪಂಚದ ಭಾಷಾ ಶಿಕ್ಷಕರೆಲ್ಲ ಅದನ್ನು ಬೆಂಗಳೂರು ಪ್ರಾಜೆಕ್ಟ್ ಎಂದು ಓದುತ್ತಾರೆ, ಬೆಂಗಳೂರಿನಲ್ಲೇ ಹತ್ತು ವರ್ಷದಿಂದ ಇರುವ ನನಗೆ ಇದು ಗೊತ್ತಾಗಿದ್ದು ಮೊನ್ನೆ ಮೊನ್ನೆ. ಅಲ್ಲಿ ವ್ಯಾಕರಣದ ಪಟ್ಟಿಯೇ ಇರಲಿಲ್ಲ. ರೈಲಿನ ವೇಳಾಪಟ್ಟಿ, ನಕ್ಷೆ, ಅಂಕಿ ಅಂಶ ಕೊಟ್ಟು ಮಕ್ಕಳಿಗೆ ಸಮಸ್ಯೆ ಬಿಡಿಸಲು ಹಚ್ಚುವುದು. ಮನಸ್ಸು ಅರ್ಥದ ಮೇಲಿದ್ದಾಗ ರೂಪ ತಾನಾಗಿ ಕೂರುತ್ತದೆ ಎಂಬುದು ಅವರ ನಂಬಿಕೆ. ಆಮೇಲೆ ನಡೆದ ಮೌಲ್ಯಮಾಪನದಲ್ಲಿ ಯಾವ ಮಕ್ಕಳು ಯಾವ ರೀತಿ ಕಲಿತಿದ್ದರೋ ಆ ರೀತಿಯ ಪರೀಕ್ಷೆಯಲ್ಲಿ ಅವರೇ ಸ್ವಲ್ಪ ಮುಂದೆ ಬಂದರು. ಎಲ್ಲಿ ಪರೀಕ್ಷೆ ಬದಲಾಗುವುದಿಲ್ಲವೋ ಅಲ್ಲಿ ಪಾಠವೂ ಬದಲಾಗುವುದಿಲ್ಲ ಎಂದು ನಾನಿದನ್ನು ಓದಿಕೊಂಡೆ. ನಾಲ್ಕು ಎತ್ತುಗಳ ಹಲ್ಲು, ಎತ್ತರ, ಬೆಲೆ ಬರೆದು, ಐವತ್ತು ಸಾವಿರದೊಳಗೆ ಯಾವುದನ್ನು ಕೊಳ್ಳುತ್ತೀಯ, ಯಾಕೆ ಎಂದು ಇಂಗ್ಲಿಷಿನಲ್ಲಿ ಕೇಳಿದ್ದರೆ ನನ್ನ ಗೆಳೆಯ ಓಲ್ಡರ್, ಚೀಪರ್, ಸ್ಟ್ರಾಂಗರ್ ಎಲ್ಲವನ್ನೂ ಒಂದೇ ಮಧ್ಯಾಹ್ನದಲ್ಲಿ ಕಲಿಯುತ್ತಿದ್ದ.

2007-08ರಿಂದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲೂ ಒಂದನೇ ತರಗತಿಯಿಂದ ಇಂಗ್ಲಿಷ್ ಬಂದಿದೆ. ಹಾಗಾದರೆ ಈಗ ಹೇಗಿದೆ ನೋಡೋಣ ಎಂದು, ಸುವರ್ಣ ಮಹೋತ್ಸವದ ಸಭೆಗೆ ಊರಿಗೆ ಬಂದಿದ್ದ ಒಂದು ಶನಿವಾರ ಮೇಡಂ ಅವರ ಅನುಮತಿ ಪಡೆದು ಎಂಟನೇ ತರಗತಿಗೆ ಹೋದೆ. ಗೋಡೆ ಪಕ್ಕ ನಮ್ಮ ಕಾಲದ ಬೆಂಚೊಂದು ಇನ್ನೂ ಇತ್ತು. ಅದು ಹೇಗಿದೆ ಹೇಳಿ ಎಂದೆ. ಬಿಗ್ ಎಂದರು, ಓಲ್ಡ್ ಎಂದರು, ಒಬ್ಬಳು ವುಡನ್ ಎಂದಳು. ಎಲ್ಲ ಸೇರಿಸಿ ಹೇಳಿ ಎಂದರೆ, ಯಾರೂ ನಿಯಮ ಹೇಳಿಕೊಡದೆಯೇ 'ಬಿಗ್ ಓಲ್ಡ್ ವುಡನ್ ಬೆಂಚ್' ಎಂಬ ಸಾಲು ಸರಿಯಾಗಿ ಬಂತು. ಹಿಂದಿನ ಸಾಲಿನ ಹುಡುಗ ಎದ್ದು, ಅದರ ಒಂದು ಕಾಲು ಮುರಿದಿದೆ, ಅದಕ್ಕೇನು ಹೇಳಬೇಕು ಎಂದು ಕೇಳಿದ. ಬ್ರೋಕನ್ ಎಂದೆ. ಆ ಪದವನ್ನು ಅವನು ಕೈ ಮೇಲೆ ಬರೆದುಕೊಂಡ. ಆಮೇಲೆ ಕೇಳಿದ: 'ಸರ್, ಇದು ಪರೀಕ್ಷೆಗೆ ಬರುತ್ತಾ?'

ಇದು ಬರುವುದಿಲ್ಲ, ಟಾಲ್, ಟಾಲರ್, ಟಾಲೆಸ್ಟ್ ಬರುತ್ತದೆ ಎಂದೆ. ಮೇಡಂ ನಕ್ಕು ಸೀಮೆಸುಣ್ಣ ನನ್ನ ಕೈಗೆ ಕೊಟ್ಟರು. ಹಲಗೆಯ ಮೇಲೆ ಎರಡು ಗೆರೆ ಎಳೆದೆ.