ಗಜೇಂದ್ರಗಡದ ಗುಡ್ಡ: ನೆಲ, ನೀರು, ಗಾಳಿ

ಗಜೇಂದ್ರಗಡದ ಗುಡ್ಡ ಗದಗ ಜಿಲ್ಲೆಯ ಈಶಾನ್ಯ ಭಾಗದಲ್ಲಿದೆ. ಬಾದಾಮಿ, ಮಹಾಕೂಟ, ಗುಳೇದಗುಡ್ಡಗಳ ಕಡೆಯಿಂದ ಹಬ್ಬಿರುವ ಮರಳುಗಲ್ಲಿನ ಬೆಟ್ಟಸಾಲಿನ ದಕ್ಷಿಣ ಅಂಚಿನ ತುಣುಕು ಇದು. ನೆತ್ತಿ ಸಪಾಟು, ಪಕ್ಕಗಳು ಕಡಿದು ನಿಲ್ಲಿಸಿದಷ್ಟು ನೆಟ್ಟಗೆ.

ಕಲ್ಲಿನ ಕಟ್ಟು

ಭೂವಿಜ್ಞಾನಿಗಳು ಈ ಪ್ರದೇಶವನ್ನು ಕಲಾದಗಿ ಜಲಾನಯನ ಎನ್ನುತ್ತಾರೆ. ನೆಲದ ಮೇಲೆ ಗಿಡಮರ ಹುಟ್ಟುವ ಎಷ್ಟೋ ಮುಂಚೆ ಇಲ್ಲಿ ನೀರು ತಂದು ಹಾಕಿದ ಮರಳು ಪದರ ಪದರವಾಗಿ ಗಟ್ಟಿಯಾಯಿತು. ಆ ಪದರಗಳು ಇಂದಿಗೂ ಬುಟ್ಟಿಯಲ್ಲಿ ಅಡಕಿದ ರೊಟ್ಟಿಯ ಹಾಗೆ ಹೆಚ್ಚುಕಡಿಮೆ ಅಡ್ಡಡ್ಡವಾಗಿಯೇ ಇವೆ. ಮೇಲಿನ ಗಡಸು ಪದರ ಬೇಗ ಸವೆಯುವುದಿಲ್ಲ. ಅಂಚಿನ ಕಲ್ಲು ನೆಟ್ಟನೆಯ ಬಿರುಕುಗಳ ಗುಂಟ ಕಳಚಿ ಬೀಳುತ್ತದೆ. ಸಪಾಟು ನೆತ್ತಿ, ಕಡಿದಾದ ಪಕ್ಕ ಎರಡಕ್ಕೂ ಇದೇ ಕಾರಣ. 578ರ ಶಾಸನವಿರುವ ಬಾದಾಮಿಯ ಮೂರನೇ ಗುಹೆಯನ್ನು ಕೊರೆದದ್ದೂ ಈ ಸಾಲಿನ ಮರಳುಗಲ್ಲಿನಲ್ಲೇ.

ನೀರು

ಮಳೆನೀರು ಬಿರುಕುಗಳಲ್ಲಿ ಇಂಗಿ, ನೀರು ಬಿಡದ ಪದರ ಸಿಕ್ಕಲ್ಲಿ ಪಕ್ಕಕ್ಕೆ ಸರಿದು, ಬುಡದಲ್ಲಿ ಒರತೆಯಾಗಿ ಹೊರಬರುವುದು ಇಂಥ ಗುಡ್ಡಗಳ ಗುಣ. ಊರ ಹತ್ತಿರದ ಕಾಲಕಾಲೇಶ್ವರ ಗುಡಿಯ ಅಂತರಗಂಗೆಯನ್ನು ನೋಡಿದರೆ ಇದು ತಿಳಿಯುತ್ತದೆ. ಅರಳಿ ಮರದ ಬೇರಿನ ಎಡೆಯಿಂದ ನೀರು ಹೊಂಡಕ್ಕೆ ಬೀಳುತ್ತಲೇ ಇರುತ್ತದೆ, ಬೇಸಿಗೆಯಲ್ಲೂ.

ಮಣ್ಣು, ಬಯಲು

ಗುಡ್ಡದ ಬುಡದಲ್ಲಿ ಉಸುಕು ಬೆರೆತ ತೆಳು ಮಸಾರಿ. ಪಶ್ಚಿಮಕ್ಕೆ ರೋಣ ದಾಟಿ ಮಲಪ್ರಭೆಯ ದಂಡೆಯ ಮೆಣಸಗಿಯತ್ತ ಹೋದರೆ ಜೋಳ, ಕಡಲೆ ಬೆಳೆಯುವ ಆಳದ ಎರೆ ಭೂಮಿ. ಬೆಣ್ಣೆಹಳ್ಳ ಮಲಪ್ರಭೆಗೆ ಕೂಡುವುದು ಮೆಣಸಗಿಯ ಬಳಿ. ಗುಡ್ಡದ ಸೀಮೆಯ ಚಿಂತೆ ನೀರು ನಿಲ್ಲದಿರುವುದು. ಮಲಪ್ರಭೆಯ ದಂಡೆಯ ಚಿಂತೆ ಹೊಳೆ ಏರುವುದು. 2019ರ ಆಗಸ್ಟ್‌ನ ನೆರೆ ಈ ದಂಡೆಯ ಊರುಗಳಿಗೆ ನುಗ್ಗಿತ್ತು. ಮುಂದೆ ಹೊಳೆ ಇದೇ ಮರಳುಗಲ್ಲಿನ ಸಾಲನ್ನು ಹಾದು ಪಟ್ಟದಕಲ್ಲು, ಐಹೊಳೆಗಳ ಪಕ್ಕದಲ್ಲಿ ಹರಿದು ಕೂಡಲಸಂಗಮದಲ್ಲಿ ಕೃಷ್ಣೆ ಸೇರುತ್ತದೆ.

ಕೋಟೆ, ಗಾಳಿ

ಹತ್ತಲು ಕಷ್ಟ, ಹತ್ತಿದ ಮೇಲೆ ವಿಶಾಲ ಬಯಲು: ಕೋಟೆಗೆ ಬೇಕಾದದ್ದೇ ಇದು. ಘೋರ್ಪಡೆ ಮನೆತನದ ಆಳ್ವಿಕೆ ಕಂಡ ಈ ಊರಿನಲ್ಲೇ 1787ರಲ್ಲಿ ಟಿಪ್ಪು ಸುಲ್ತಾನ್ ಮತ್ತು ಮರಾಠರ ನಡುವೆ ಒಪ್ಪಂದವಾಗಿ, ಬಾದಾಮಿ ಮರಾಠರ ಪಾಲಾಯಿತು.

ಈಗ ಗುಡ್ಡಗಳ ನೆತ್ತಿಯಲ್ಲಿ ವಿದ್ಯುತ್ ತಯಾರಿಸುವ ಗಾಳಿಯಂತ್ರಗಳು ನಿಂತಿವೆ. ಮುಂಗಾರಿನ ಗಾಳಿ ಪಶ್ಚಿಮ ಘಟ್ಟದಲ್ಲೇ ಬಹುಪಾಲು ಮಳೆ ಸುರಿಸಿ ಬರುವುದರಿಂದ ಇಲ್ಲಿ ಮಳೆ ಕಡಿಮೆ, ಬೀಸು ಮಾತ್ರ ಜೋರು. ಅಡ್ಡಿಯಿಲ್ಲದ ಬಯಲು ದಾಟಿ ಬಂದ ಆ ಗಾಳಿಗೆ ಎದುರಾಗುವ ಎತ್ತರ ಈ ಗುಡ್ಡಗಳದ್ದೇ.